ಕೆನೆಯ ಜಾತಕ

ಒಂದು ವಸ್ತು ತಾನು ಹುಟ್ಟಿದ ಬಗೆಯನ್ನು ತಾನೇ ಹೇಳುವಂತಿದ್ದರೆ? ಎಷ್ಟು ಹೊತ್ತು ಬೆಂದೆ, ಎಷ್ಟು ಸಲ ಮಿಂದೆ, ಮಿಂದ ನೀರಿನಲ್ಲಿ ಏನೇನಿತ್ತು ಎಂದು ಗುಂಡಿ ಒತ್ತಿದ ಕೂಡಲೇ ಬಾಯಿಬಿಡುವಂತಿದ್ದರೆ?

೨೦೬೦ರ ಸುಮಾರಿಗೆ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಅಂಥದ್ದೊಂದು ಯಂತ್ರ ತಯಾರಾಯಿತು. ಸರ್ಕಾರಿ ಕಡತಗಳಲ್ಲಿ ಅದರ ಹೆಸರು 'ಪದಾರ್ಥ ಪ್ರಕ್ರಿಯಾ ಇತಿಹಾಸ ವಿಶ್ಲೇಷಕ'. ಅಷ್ಟುದ್ದದ ಹೆಸರನ್ನು ಪೂರ್ತಿ ಹೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಎಲ್ಲರೂ ಅದನ್ನು ಜಾತಕ ಎಂದು ಕರೆದರು. ವೈದ್ಯರು ಕೊಳ್ಳುತ್ತಾರೆ, ಪೊಲೀಸರು ಕೊಳ್ಳುತ್ತಾರೆ ಎಂದು ಪ್ರಯೋಗಾಲಯದವರು ಲೆಕ್ಕ ಹಾಕಿದ್ದರು. ಮೊದಲು ಬಂದು ಕೊಂಡವರು ತೆರಿಗೆ ಇಲಾಖೆಯವರು.

ಕೊಳ್ಳಲೇಬೇಕೆಂದು ಹಟ ಹಿಡಿದವಳು ತಾರಾಮಣಿ. ವಯಸ್ಸು ಐವತ್ತೊಂದು, ಊರು ಚಿಂತಾಮಣಿ ಕಡೆಯದು, ಕೆಲಸ ವರ್ಗಾವಣೆ ಬೆಲೆ ವಿಭಾಗದ ಅಧಿಕಾರಿ. ಹಾಗೆಂದರೇನು ಎಂದು ಯಾರಾದರೂ ಕೇಳಿದರೆ ಅವಳು ಹೋಟೆಲಿನ ಕಥೆ ಹೇಳುತ್ತಿದ್ದಳು.

"ಒಂದು ಹೋಟ್ಲು ಇದೆ ಅಂತ ಇಟ್ಕೊಳ್ಳಿ. ಅಡುಗೆಮನೆ ಒಂದು ಕಂಪನಿ, ಗಿರಾಕಿ ಕೂರೋ ಮುಂದಿನ ಹಾಲು ಇನ್ನೊಂದು ಕಂಪನಿ. ಎರಡಕ್ಕೂ ಯಜಮಾನ ಒಬ್ಬನೇ. ಅಡುಗೆಮನೆ ದೋಸೇನ ಒಂದು ರೂಪಾಯಿಗೆ ಹಾಲಿಗೆ ಮಾರತ್ತೆ. ಹಾಲು ಅದನ್ನ ನೂರು ರೂಪಾಯಿಗೆ ಗಿರಾಕಿಗೆ ಮಾರತ್ತೆ. ಅಡುಗೆಮನೆ ಇರೋ ಊರಲ್ಲಿ ತೆರಿಗೆ ಉಂಟು, ಹಾಲಿರೋ ಊರಲ್ಲಿ ಇಲ್ಲ. ಈಗ ಹೇಳಿ, ಲಾಭ ಎಲ್ಲಿ ಬಂತು?"

"ಹಾಲಲ್ಲಿ."

"ಹೊಗೆ ಕುಡಿದೋರು?"

ಪ್ರಶ್ನೆ ಕೇಳಿದವರು ಇಲ್ಲಿ ನಗುತ್ತಿದ್ದರು. ತಾರಾಮಣಿ ನಗುತ್ತಿರಲಿಲ್ಲ. ಅದೇ ದೋಸೆಯನ್ನು ಗುರುತು ಪರಿಚಯ ಇಲ್ಲದ ಹೊರಗಿನವನಿಗೆ ಮಾರಿದ್ದರೆ ಅಡುಗೆಮನೆ ಎಷ್ಟು ಕೇಳುತ್ತಿತ್ತು ಎಂದು ಹುಡುಕಿ, ಆ ಬೆಲೆಗೆ ತೆರಿಗೆ ಹಾಕುವುದು ಅವಳ ಕೆಲಸ. ಇಪ್ಪತ್ತೈದು ವರ್ಷ ಈ ಕೆಲಸ ಮಾಡಿ ಅವಳಿಗೆ ಒಂದು ಉತ್ತರ ಬಾಯಿಪಾಠವಾಗಿತ್ತು. ಪ್ರತಿ ಕಂಪನಿಯೂ ಅದನ್ನೇ ಹೇಳುತ್ತಿತ್ತು: ನಿಮ್ಮೂರಿಂದ ಹೋಗುವುದು ಬರೀ ಹಸಿ ಮಾಲು, ನಿಜವಾದ ಕೈಚಳಕ ಎಲ್ಲಾ ಆಚೆ ನಡೆಯುತ್ತದೆ. ಆಚೆ ಎಂದರೆ ಯಾವುದೋ ದ್ವೀಪ. ಅಲ್ಲಿ ನಿಜಕ್ಕೂ ಏನು ನಡೆಯುತ್ತದೆಂದು ನೋಡಿಬರುವುದು ಸಾಧ್ಯವಿರಲಿಲ್ಲ. ಈಗ ಜಾತಕ ಬಂದಿತ್ತು.

ಅವಳು ಆರಿಸಿಕೊಂಡ ಮೊದಲ ಮಾಲು ಶಿಡ್ಲಘಟ್ಟದ ಕೆನೆ.

ವೆಲ್‌ಮಾರಾ ಎಂಬ ಬಹುರಾಷ್ಟ್ರೀಯ ಕಂಪನಿ ಅದಕ್ಕೆ 'ನವತ್ವಚ' ಎಂದು ಹೆಸರಿಟ್ಟಿತ್ತು. ರೇಷ್ಮೆಗೂಡನ್ನು ಬೇಯಿಸಿ ಕರಗಿಸಿದ ತಿಳಿ ಕುದಿಯ ಹತ್ತಿರ ಬಂದಾಗ ಹಾಲಿನ ಮೇಲೆ ಕಟ್ಟುವಂತೆ ತೆಳ್ಳಗೆ ಒಂದು ಪದರ ಕಟ್ಟುತ್ತದೆ. ಅದನ್ನು ಹರಿಯದಂತೆ ಎತ್ತಿ ಚೌಕಟ್ಟಿಗೆ ಹರಡಿ ಒಣಗಿಸಿದರೆ ಸುಟ್ಟ ಗಾಯಕ್ಕೆ ಹೊದಿಸುವ ಹಾಳೆ ಸಿದ್ಧ. ಎತ್ತಲು ಯಂತ್ರದ ಬೆರಳಿಗೆ ಎಷ್ಟು ಮಾಡಿದರೂ ಆಗಲಿಲ್ಲ, ಹರಿದುಬಿಡುತ್ತಿತ್ತು. ತಲೆಮಾರುಗಳಿಂದ ಬಿಸಿನೀರಿನಲ್ಲಿ ಬೆರಳಾಡಿಸಿ ನೂಲು ಬಿಚ್ಚಿದ ಶಿಡ್ಲಘಟ್ಟದ ಹೆಂಗಸರಿಗೆ ಮಾತ್ರ ಅದು ಒಲಿಯಿತು. ಅವರು ಅದನ್ನು ಕೆನೆ ಎನ್ನುತ್ತಿದ್ದರು. ನವತ್ವಚದ ದೊಡ್ಡ ಹೆಗ್ಗಳಿಕೆ ಎಂದರೆ ಅದು ಗಾಯಕ್ಕೆ ಅಂಟಿಕೊಳ್ಳುತ್ತಿರಲಿಲ್ಲ. ಬಿಚ್ಚುವಾಗ ಹೊಸ ಚರ್ಮ ಕಿತ್ತು ಬರುತ್ತಿರಲಿಲ್ಲ.

ಶಿಡ್ಲಘಟ್ಟದ ಘಟಕ ಒಂದು ಹಾಳೆಯನ್ನು ಸಾಂತಾ ಬ್ರೀಸಾ ಎಂಬ ದ್ವೀಪದಲ್ಲಿದ್ದ ತನ್ನದೇ ಸೋದರ ಕಂಪನಿಗೆ ನಲವತ್ತು ರೂಪಾಯಿಗೆ ಮಾರುತ್ತಿತ್ತು. ದ್ವೀಪದಿಂದ ವಾಪಸ್ಸು ಶಿಡ್ಲಘಟ್ಟದ ಆಸ್ಪತ್ರೆಗೆ ಬರುವಾಗ ಅದೇ ಹಾಳೆ ನಾಲ್ಕು ಸಾವಿರವಾಗಿರುತ್ತಿತ್ತು. ದ್ವೀಪದ 'ಪಕ್ವನ ಗೃಹ'ದಲ್ಲಿ, ಎಂದರೆ ಮಾಲು ಮಾಗಿಸುವ ಮನೆಯಲ್ಲಿ, ಎಪ್ಪತ್ತೆರಡು ಗಂಟೆ ಗುಟ್ಟಿನ ಸಂಸ್ಕಾರ ಆಗುತ್ತದೆ, ಅಂಟಿಕೊಳ್ಳದ ಗುಣ ಬರುವುದೇ ಆಗ, ಬೆಲೆ ಅದಕ್ಕೆ ಎಂದು ಕಂಪನಿ ಹೇಳುತ್ತಿತ್ತು.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ತಾರಾಮಣಿ ಶಿಡ್ಲಘಟ್ಟದ ಘಟಕಕ್ಕೆ ಹೋದಳು. ಕಾನೂನಿನಂತೆ ಒಂದು ವಾರ ಮೊದಲೇ ನೋಟಿಸ್ ಕಳಿಸಿದ್ದಳು. ಘಟಕ ಮದುವೆಮನೆಯಷ್ಟು ಚೊಕ್ಕಟವಾಗಿತ್ತು. ನಲವತ್ತು ತೊಟ್ಟಿಗಳು, ನಲವತ್ತು ಹೆಂಗಸರು, ಎಲ್ಲರ ತಲೆಗೂ ಹೊಸ ಟೋಪಿ. ಹಿರಿಯಳಾದ ಖೈರುನ್ನಿಸಾ ಆವಿಯೊಳಗೆ ಕೈ ಇಳಿಸಿ ಒಂದೇ ಉಸಿರಿಗೆ ಕೆನೆ ಎತ್ತಿ ಚೌಕಟ್ಟಿಗೆ ಹರಡಿದಳು. ಹರಡಿದ ಮೇಲೆ ಅವಳ ಬಲಗೈ ತಾನಾಗಿಯೇ ಪಕ್ಕಕ್ಕೆ ಚಾಚಿ, ಏನೂ ಸಿಗದೆ ವಾಪಸ್ಸು ಬಂತು. ಕೈ ಚಾಚಿದ ಜಾಗದಲ್ಲಿ ಸಿಮೆಂಟಿನ ಮೇಲೆ ದುಂಡನೆಯ ಕಲೆಯೊಂದಿತ್ತು. ತಾರಾಮಣಿ ನೋಡಿದಳು. ಪ್ರತಿ ತೊಟ್ಟಿಯ ಬಲಕ್ಕೂ ಅಂಥದ್ದೊಂದು ಕಲೆ ಇತ್ತು. ಏನೋ ಇರಬೇಕು ಎಂದುಕೊಂಡು ಸುಮ್ಮನಾದಳು. ಕಣ್ಣೆದುರೇ ಎತ್ತಿದ ಹತ್ತು ಹಾಳೆಗಳನ್ನು ಡಬ್ಬಿಗೆ ಹಾಕಿ ಮೊಹರು ಮಾಡಿಸಿದಳು.

ಹೊರಡುವಾಗ ಗೇಟಿನ ಬಳಿ ಖೈರುನ್ನಿಸಾಳಿಗೆ ಬುತ್ತಿ ತಂದುಕೊಟ್ಟ ಮಗಳು ಶಬ್ರೀನ್ ಕಂಡಳು. ಇಪ್ಪತ್ತರ ಹುಡುಗಿ. ಎರಡು ವರ್ಷದ ಹಿಂದೆ ತೊಟ್ಟಿಯ ನೀರು ಮೈಮೇಲೆ ಉಕ್ಕಿ ಎಡಗೈ ಬೆಂದಿತ್ತು. ಬಟ್ಟೆಯ ಪಟ್ಟಿ ಅಂಟಿ ಅಂಟಿ ಕಿತ್ತು, ಮಾಯುವ ಹೊತ್ತಿಗೆ ಚರ್ಮ ಬಿಗಿದು ಮೊಣಕೈ ಮಡಚಿಕೊಂಡೇ ನಿಂತುಬಿಟ್ಟಿತ್ತು.

"ಆಪರೇಷನ್ ಮಾಡಿದ್ರೆ ನೆಟ್ಟಗಾಗ್ತದಂತೆ ಮೇಡಮ್ಮ," ಎಂದಳು ಖೈರುನ್ನಿಸಾ. "ಆಮೇಲೆ ಇದೇ ಕೆನೆ ಹೊದಿಸಬೇಕಂತೆ, ಮೂವತ್ತು ಹಾಳೆ. ನಾನು ಅರ್ಧ ದಿನದಲ್ಲಿ ಎತ್ತೋ ಅಷ್ಟು. ಕೊಳ್ಳಕ್ಕೆ ಹೋದ್ರೆ ಲಕ್ಷದ ಮೇಲೆ. ನಮ್ಮ ಆಸ್ಪತ್ರೇಲಿ ಸುಟ್ಟಗಾಯದ ವಾರ್ಡು ಕಟ್ಟಿ ಬೀಗ ಹಾಕವ್ರೆ, ನಡೆಸಕ್ಕೆ ದುಡ್ಡಿಲ್ಲ ಅಂತ."

ತಾರಾಮಣಿಗೆ ಆ ಬೀಗದ ವಿಷಯ ಗೊತ್ತಿತ್ತು. ಹೊಸ ಕಾನೂನಿನಲ್ಲಿ ಮಾಲಿನ ಬೆಲೆ ಎಲ್ಲಿ ಹುಟ್ಟಿತೋ ಆ ತಾಲ್ಲೂಕಿನ ಆಸ್ಪತ್ರೆಗೆ ತೆರಿಗೆಯ ಹತ್ತನೇ ಒಂದು ಪಾಲು ಹೋಗಬೇಕು. ಬೆಲೆ ಶಿಡ್ಲಘಟ್ಟದಲ್ಲಿ ಹುಟ್ಟಿತೆಂದು ಸಾಬೀತಾದರೆ ಬೀಗ ತೆರೆಯುತ್ತದೆ, ಹುಡುಗಿಯ ಕೈ ನೆಟ್ಟಗಾಗುತ್ತದೆ. ದ್ವೀಪದಲ್ಲಿ ಹುಟ್ಟಿತೆಂದಾದರೆ ಎರಡೂ ಇಲ್ಲ.

"ಆಗತ್ತೆ ಬಿಡಿ," ಎಂದಳು. ಹಾಗೆ ಹೇಳಬಾರದಿತ್ತು, ಅಧಿಕಾರಿಗಳು ಹಾಗೆಲ್ಲ ಹೇಳಬಾರದು. ಆದರೆ ಅವಳಿಗೆ ಜಾತಕದ ಮೇಲೆ ಅಷ್ಟು ಧೈರ್ಯವಿತ್ತು.

ಪ್ರಯೋಗಾಲಯದಲ್ಲಿ ಜಾತಕವನ್ನು ನೋಡಿಕೊಳ್ಳುತ್ತಿದ್ದವನು ಫಣೀಂದ್ರ ಐತಾಳ, ಕುಂದಾಪುರದ ಕಡೆಯ ವಿಜ್ಞಾನಿ. ಮಾತು ಕಡಿಮೆ, ಆಡಿದ್ದು ಖಚಿತ. ರೇಷ್ಮೆಯ ಪ್ರೋಟೀನಿಗೆ ಪ್ರತಿ ಸಲ ಬೆಂದಾಗಲೂ ಮಿಂದಾಗಲೂ ಒಂದು ಮಡಿಕೆ ಬೀಳುತ್ತದೆ, ಆ ಮಡಿಕೆ ಮತ್ತೆ ಬಿಚ್ಚುವುದಿಲ್ಲ, ಆಗ ಸುತ್ತ ಇದ್ದ ನೀರಿನಲ್ಲಿ ಏನಿತ್ತೋ ಅದರ ಚೂರು ಮಡಿಕೆಯೊಳಗೆ ಸಿಕ್ಕಿಕೊಳ್ಳುತ್ತದೆ. ಜಾತಕ ಬೆಳಕಿನ ಸೂಜಿಯಿಂದ ಆ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿ ಓದುತ್ತದೆ. ಕೆನೆಯಾಗಲಿ ಕಬ್ಬಿಣವಾಗಲಿ, ಅದಕ್ಕೆ ಮುಲಾಜಿಲ್ಲ.

ಒಂದು ಕಡೆ ಘಟಕದಲ್ಲಿ ಮೊಹರು ಮಾಡಿದ ಹಾಳೆ, ಇನ್ನೊಂದು ಕಡೆ ದ್ವೀಪದಿಂದ ಬಂದ ಪೊಟ್ಟಣದ ಹಾಳೆ. ಎರಡೂ ಒಂದೇ ಆಗಿದ್ದರೆ ದ್ವೀಪದಲ್ಲಿ ಏನೂ ನಡೆಯಲಿಲ್ಲವೆಂದೇ ಅರ್ಥ. ವೆಲ್‌ಮಾರಾದ ತೆರಿಗೆ ಮುಖ್ಯಸ್ಥ ನಿರಂಜನ ಕಾಮತರೂ ಬಂದು ಕುರ್ಚಿ ಎಳೆದುಕೊಂಡು ಕೂತಿದ್ದರು. ಮೃದು ಮಾತಿನ ಮನುಷ್ಯ.

ಹತ್ತು ನಿಮಿಷದ ಮೇಲೆ ಪರದೆಯಲ್ಲಿ ಎರಡು ಪಟ್ಟೆಗಳು ಮೂಡಿದವು. ಐತಾಳ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಮೇಡಂ, ಒಂದೇ ಅಲ್ಲ. ದ್ವೀಪದ್ರಲ್ಲಿ ಇನ್ನೊಂದು ಸ್ನಾನ ಉಂಟು. ತಣ್ಣೀರು. ಅದ್ರಲ್ಲಿ ಯಾವುದೋ ಗಿಡದ ಸಕ್ಕರೆ, ಉದ್ದುದ್ದ ಸರಪಳಿ. ಅಂಟದ ಹಾಗೆ ಮಾಡುವುದು ಅದೇ ಅಂತ ಕಾಣ್ತದೆ."

ಕಾಮತರು ಎದ್ದು ಕೋಟಿನ ಗುಂಡಿ ಹಾಕಿಕೊಂಡರು. "ನಾವು ಹೇಳಿದ್ದೂ ಅದನ್ನೇ ಅಲ್ಲವೇ ಮೇಡಂ?"

"ಆ ಸಕ್ಕರೆ ಯಾವುದು, ಹೇಳಿ ಹಾಗಾದ್ರೆ."

"ಅದು ವ್ಯಾಪಾರದ ಗುಟ್ಟು. ನಿಮ್ಮದೇ ಯಂತ್ರ ನಮ್ಮ ಪರ ಸಾಕ್ಷಿ ಹೇಳಿದೆ. ಮರುಪರೀಕ್ಷೆ ಕೇಳುವುದಿದ್ದರೆ ಕಾನೂನಿನಲ್ಲಿ ಹತ್ತು ದಿನ ಇದೆ. ಆಮೇಲೆ ಇದೇ ಅಂತಿಮ."

ಅವರು ಹೋದ ಮೇಲೆ ತಾರಾಮಣಿ ಪಟ್ಟೆಗಳನ್ನೇ ನೋಡುತ್ತಾ ಕೂತಳು. ನಾಚಿಕೆಯಾಯಿತು. ಇಲಾಖೆಯವರ ಕಾಲು ಕೈ ಹಿಡಿದು ಕೊಳ್ಳಿಸಿದ ಯಂತ್ರ ಮೊದಲ ದಿನವೇ ಮುಖಕ್ಕೆ ಮಸಿ ಬಳಿದಿತ್ತು. ಗೇಟಿನ ಬಳಿ ಆಡಿದ ಮಾತು ಅದಕ್ಕಿಂತ ಹೆಚ್ಚು ಚುಚ್ಚಿತು.

"ಯಂತ್ರ ತಪ್ಪಿರಬಹುದಾ ಐತಾಳ್?"

"ಇಲ್ಲ. ಯಂತ್ರ ಕೊಟ್ಟದ್ದನ್ನು ಓದ್ತದೆ. ನಾವು ಕೊಟ್ಟದ್ದೇ ತಪ್ಪಿರಬಹುದು."

ಕೊಟ್ಟದ್ದು ಹೇಗೆ ತಪ್ಪಾದೀತು? ಕಣ್ಣೆದುರೇ ಎತ್ತಿದ ಹಾಳೆ, ಅವಳದ್ದೇ ಮೊಹರು. ಆರು ದಿನ ಅವಳ ತಲೆ ಅದರಲ್ಲೇ ಗಿರಕಿ ಹೊಡೆಯಿತು.

ಏಳನೆಯ ದಿನ ಭಾನುವಾರ. ತಾರಾಮಣಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಊಟಕ್ಕೆ ಬರುವವರಿದ್ದರು. ಗಂಡ ಚನ್ನಕೇಶವ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಬೆಳಗ್ಗೆಯಿಂದ ಮನೆಯನ್ನು ತಲೆಕೆಳಗು ಮಾಡುತ್ತಿದ್ದ. ಹರಿದ ಚಾಪೆ ಮಂಚದಡಿಗೆ ಹೋಯಿತು. ಅಂಚು ಒಡೆದ ಲೋಟಗಳು ಅಟ್ಟ ಸೇರಿದವು. ಹದಿನೈದು ವರ್ಷದಿಂದ ಅಡುಗೆಮನೆಯ ಕಟ್ಟೆ ಬಿಟ್ಟು ಕದಲದಿದ್ದ ಕರಿ ಹಿಡಿದ ಎಣ್ಣೆ ಬಟ್ಟಲನ್ನು ಎತ್ತಿ ಸ್ನಾನದಮನೆಯ ಬಕೆಟ್ಟಿನ ಹಿಂದೆ ಅಡಗಿಸಿದ.

ತಾರಾಮಣಿ ದೋಸೆಗೆ ಎಣ್ಣೆ ಹಾಕಲು ಕೈ ಚಾಚಿದಳು. ಬಟ್ಟಲು ಸಿಗಲಿಲ್ಲ. ಕೈ ಬರಿದೇ ವಾಪಸ್ಸು ಬಂತು.

"ಎಣ್ಣೆ ಬಟ್ಲು ಎಲ್ಲಿ ರೀ?"

"ಅದನ್ನ ನೋಡಿದ್ರೆ ಅವ್ರು ಹೊಸ್ಲಿಂದಾನೇ ವಾಪಸ್ ಹೋಗ್ತಾರೆ ಅಷ್ಟೇ. ಬಚ್ಚಿಟ್ಟಿದೀನಿ."

"ಅದಿಲ್ದೆ ದೋಸೆ ಹೆಂಗೆ ಎಬ್ಬಿಸ್ಲಿ? ತವಾಗೆ ಅಂಟ್ಕೊಳ್ಳತ್ತೆ—"

ಕಟ್ಟೆಯ ಮೇಲೆ ಬಟ್ಟಲಿದ್ದ ಜಾಗದಲ್ಲಿ ದುಂಡನೆಯ ಕಲೆ. ನಲವತ್ತು ತೊಟ್ಟಿ, ನಲವತ್ತು ಕಲೆ. ಏನೂ ಸಿಗದೆ ವಾಪಸ್ಸು ಬಂದ ಖೈರುನ್ನಿಸಾಳ ಕೈ. ಒಂದು ವಾರ ಮೊದಲೇ ನೋಟಿಸ್ ಕಳಿಸಿ, ಬರುತ್ತೇನೆ ಎಂದು ತಾನೇ ಸಾರಿದ್ದಳು. ಬರುವವರಿದ್ದಾರೆಂದರೆ ಯಾರು ತಾನೇ ಬಟ್ಟಲು ಹೊರಗಿಡುತ್ತಾರೆ?

"ಚನ್ನಕೇಶವ!" ಎಂದಳು. ಮದುವೆಯಾದ ಮೇಲೆ ಗಂಡನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ದೋಸೆ ನೀವೇ ಹಾಕಿ. ನಾನು ಶಿಡ್ಲಘಟ್ಟಕ್ಕೆ ಹೋಗಿ ಬಂದೆ."

"ಬೀಗರು?"

"ಬಟ್ಲು ತೆಗೆದು ಕಟ್ಟೆ ಮೇಲಿಡಿ. ಅದನ್ನ ನೋಡಿ ಓಡಿಹೋಗೋ ಬೀಗರು ನಮಗೆ ಬೇಡ."

ಖೈರುನ್ನಿಸಾಳ ಮನೆ ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಅಂಗಳದ ತುಂಬ ಒಡೆದ ಸಿಮೆಂಟು ಕುಂಡಗಳು, ಎಲ್ಲದರಲ್ಲೂ ದಪ್ಪ ದಪ್ಪ ಎಲೆಯ ಲೋಳೆಸರ. ಘಟಕದ ಹಿಂದಿನ ಗೋಡೆಗುಂಟವೂ ಇದೇ ಕುಂಡಗಳ ಸಾಲನ್ನು ನೋಡಿದ ನೆನಪಾಯಿತು. ಅಧಿಕಾರಿಯನ್ನು ಕಂಡು ಖೈರುನ್ನಿಸಾ ಸೆರಗು ತಲೆಗೆ ಎಳೆದುಕೊಂಡಳು. ಶಬ್ರೀನ್ ಒಂದೇ ಕೈಯಲ್ಲಿ ಚಹಾ ತಂದಿಟ್ಟಳು.

"ತೊಟ್ಟಿ ಪಕ್ಕ ಏನಿಟ್ಕೋತೀರಿ ನೀವು?" ತಾರಾಮಣಿ ಸುತ್ತಿಬಳಸಲಿಲ್ಲ.

ಖೈರುನ್ನಿಸಾ ಮಗಳ ಮುಖ ನೋಡಿದಳು. "ಏನೂ ಇಲ್ಲ ಮೇಡಮ್ಮ."

"ಬಟ್ಲು ಇಟ್ಕೋತೀರಿ. ನಾನು ಬಂದ ದಿವಸ ಬಚ್ಚಿಟ್ರಿ."

"ಬಚ್ಚಿಡದೆ ಏನ್ಮಾಡಾದು?" ಅವಳ ದನಿ ಏರಿತು. "ಬಟ್ಲು ಇಟ್ಕೊಂಡ್ರೆ ಒಂದಿನದ ಕೂಲಿ ಕಟ್ ಅಂತ ಬೋರ್ಡೇ ಹಾಕವ್ರೆ. ನಮ್ಮ ಸೂಪರ್‌ವೈಜರು ಒಳ್ಳೇವ್ನು, ನೋಡ್ದಂಗೆ ಇರ್ತಾನೆ. ಕೈ ಸುಡ್ತದಲ್ಲ ಮೇಡಮ್ಮ! ಒಂದು ಹಾಳೆ ಎತ್ತಿದ್ರೆ ಬೆರಳು ಉರಿ ಉರಿ. ಲೋಳೆಸರ ಕಿವುಚಿದ ತಣ್ಣೀರಲ್ಲಿ ಕೈ ಅದ್ದಿ ಮುಂದಿನ ಹಾಳೆ ಎತ್ತೋದು. ನಮ್ಮಮ್ಮ ನೂಲು ತೆಗಿಯೋವಾಗ್ಲೂ ಹಂಗೇ ಮಾಡ್ತಿದ್ಲು. ನಮ್ಮಿಂದ ಮಾಲು ಏನೂ ಕೆಟ್ಟಿಲ್ಲ, ಅಲ್ಲಾ ಕಸಮ್."

"ಕೆಟ್ಟಿಲ್ಲ ಖೈರುನ್ನಿಸಾ ಅವರೇ. ನಿಮ್ಮ ಮಾಲು ಒಳ್ಳೇದಾಗಿರೋದೇ ಅದರಿಂದ."

ತಾರಾಮಣಿ ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಲೋಳೆಸರ ಮೆತ್ತಿದ ತಣ್ಣನೆಯ ಬೆರಳು ಕೆನೆಯನ್ನು ಎತ್ತಿ ಹರಡಿ ಅಂಚು ಸವರುವಾಗ ಪ್ರತಿ ಹಾಳೆಯೂ ಎರಡನೆಯ ಸ್ನಾನ ಮಾಡುತ್ತದೆ. ಜಾತಕ ಕಂಡ ಗಿಡದ ಸಕ್ಕರೆ ಈ ಲೋಳೆಯೇ, ನಾಲ್ಕು ಸಾವಿರದ ಗುಣ ಬರುವುದು ಅಲ್ಲಿ. ದ್ವೀಪದವರು ಗುಟ್ಟು ಎಂದು ಹೇಳುತ್ತಿರುವುದು ಏನೆಂದು ದ್ವೀಪದವರಿಗೇ ಗೊತ್ತಿಲ್ಲ.

ಖೈರುನ್ನಿಸಾ ತನ್ನ ಬೆರಳುಗಳನ್ನು ತಿರುಗಿಸಿ ನೋಡಿಕೊಂಡಳು. "ನೀವು ಹೇಳಿದ್ರೆ ನಂಬ್ತಾರಾ?"

"ನಂಬಲ್ಲ. ನೀವು ಬಂದು ಎತ್ತಿ ತೋರಿಸಿದ್ರೆ ನಂಬ್ತಾರೆ. ಸಾಕ್ಷಿ ಹೇಳಿದೋರನ್ನ ಕೆಲಸದಿಂದ ತೆಗೆಯೋ ಹಾಗಿಲ್ಲ ಅಂತ ಕಾನೂನಿದೆ. ಆದ್ರೆ ಅವರು ಬೇರೆ ಥರ ಕಾಟ ಕೊಡಬಹುದು. ಸುಳ್ಳು ಧೈರ್ಯ ಹೇಳಕ್ಕೆ ನಾನು ಬಂದಿಲ್ಲ."

ಒಳಗೆ ಶಬ್ರೀನ್ ಹಿಟ್ಟಿನ ಡಬ್ಬಿಯ ಮುಚ್ಚಳವನ್ನು ಕಂಕುಳಲ್ಲಿ ಅದುಮಿ ತಿರುವುತ್ತಿದ್ದಳು. ಖೈರುನ್ನಿಸಾ ಅದನ್ನು ನೋಡಿದಳು. ಎದ್ದುಹೋಗಿ ಬಟ್ಟೆಯ ಗಂಟಿನೊಳಗಿಂದ ನೀಲಿ ಅಂಚಿನ ಪಿಂಗಾಣಿ ಬಟ್ಟಲೊಂದನ್ನು ತೆಗೆದು ತಂದಳು.

"ಎಲ್ಲಿಗೆ ಬರ್ಬೇಕು ಹೇಳಿ."

ಹತ್ತನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮರುಪರೀಕ್ಷೆ. ಮೂವರು ಸದಸ್ಯರ ನ್ಯಾಯಪೀಠದ ಎದುರು ಒಲೆ, ತೊಟ್ಟಿ, ಚೌಕಟ್ಟು, ಪಕ್ಕದಲ್ಲಿ ಜಾತಕ. ಅಷ್ಟು ದೊಡ್ಡ ಹವಾನಿಯಂತ್ರಿತ ಸಭಾಂಗಣದಲ್ಲಿ ಬೆಂದ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಡಿದು ಸದಸ್ಯರೊಬ್ಬರು ಕರವಸ್ತ್ರ ತೆಗೆದರು. ಖೈರುನ್ನಿಸಾ ಮೊದಲು ಬರಿಗೈಯಲ್ಲಿ ಒಂದು ಹಾಳೆ ಎತ್ತಿದಳು. ಆಮೇಲೆ ಬಟ್ಟಲಲ್ಲಿ ಕೈ ಅದ್ದಿ ಇನ್ನೊಂದು. ಎರಡೂ ಜಾತಕದ ಬಾಯಿಗೆ ಹೋದವು.

ಮೊದಲಿನದು ಘಟಕದಲ್ಲಿ ಮೊಹರು ಮಾಡಿದ ಹಾಳೆಯ ಪಟ್ಟೆಗೆ ಗೆರೆಗೆ ಗೆರೆ ಕೂಡಿತು. ಎರಡನೆಯದು ದ್ವೀಪದ ಪಟ್ಟೆಗೆ ಕೂಡಿತು.

"ಲೋಳೆಸರ ದ್ವೀಪದಲ್ಲೂ ಬೆಳೆಯುತ್ತದೆ," ಎಂದರು ಕಾಮತರು. ದನಿ ಮೃದುವಾಗಿಯೇ ಇತ್ತು, ಮುಖದ ಬಣ್ಣ ಮಾತ್ರ ಇಳಿದಿತ್ತು.

ಐತಾಳ ಎದ್ದು ನಿಂತ. "ಬೆಳೀತದೆ. ಆದ್ರೆ ಇವರು ಲೋಳೆಸರದ ಕುಂಡಕ್ಕೆ ಹಾಕುವುದು ತೊಟ್ಟಿಯ ಕೊಳೆನೀರು. ರೇಷ್ಮೆಹುಳ ಬೆಂದ ನೀರು. ಅದರ ಗುರುತು ಗಿಡದ ಸಕ್ಕರೆಯೊಳಗೇ ಹೊಕ್ಕಿದೆ. ದ್ವೀಪದ ಪೊಟ್ಟಣದಲ್ಲೂ ಅದೇ ಗುರುತು. ದ್ವೀಪದಲ್ಲಿ ಯಾರೂ ರೇಷ್ಮೆಹುಳ ಬೇಯಿಸುವುದಿಲ್ಲ ಅಲ್ವಾ ಸಾರ್?"

ಕಾಮತರು ಕಾಗದಗಳನ್ನು ಮಗುಚಿ ಒಂದನ್ನು ಎತ್ತಿ ಹಿಡಿದರು. "ಹಾಗಾದರೆ ಇದನ್ನು ಗಮನಿಸಬೇಕು. ಬಟ್ಟಲು ಇಟ್ಟುಕೊಳ್ಳುವುದು ನಮ್ಮ ನಿಯಮಕ್ಕೆ ವಿರುದ್ಧ. ಈ ಹೆಂಗಸರು ಕಂಪನಿಗೆ ಗೊತ್ತಿಲ್ಲದೆ ಮಾಡಿದ ಉಲ್ಲಂಘನೆ ಇದು. ನಿಷೇಧಿಸಿದ ಕೆಲಸಕ್ಕೆ ಕಂಪನಿ ಹೇಗೆ ಬೆಲೆ ಕಟ್ಟಬೇಕು?"

ತಾರಾಮಣಿ ಇದೇ ಮಾತಿಗೆ ಕಾಯುತ್ತಿದ್ದಳು.

"ಅದನ್ನ ಬರೆದುಕೊಡಿ ಸಾರ್. ನಿಮ್ಮ ಹಾಳೆಯ ಗುಣ ನಿಮಗೆ ಗೊತ್ತಿಲ್ದೆ ಶಿಡ್ಲಘಟ್ಟದ ಹೆಂಗಸರ ಕೈಯಿಂದ ಬಂತು ಅಂತ. ನನಗೆ ಬೇಕಾಗಿರೋದು ಅಷ್ಟೇ. ಇಲ್ಲ, ಬಟ್ಟಲು ನಮ್ಮ ವಿಧಾನದ್ದೇ ಭಾಗ ಅಂತೀರೋ, ಅದನ್ನಾದ್ರೂ ಬರೆದುಕೊಡಿ. ತೊಟ್ಟಿ ಇರೋದೂ ಶಿಡ್ಲಘಟ್ಟದಲ್ಲೇ. ಎರಡರಲ್ಲಿ ಯಾವುದನ್ನ ಆರಿಸ್ಕೊಂಡ್ರೂ ನಾನು ಬೇಡ ಅನ್ನಲ್ಲ."

ಕರವಸ್ತ್ರ ಹಿಡಿದಿದ್ದ ಸದಸ್ಯರು ಅದನ್ನು ಕೆಳಗಿಟ್ಟು ನಕ್ಕರು. ಆಮೇಲೆ ಬಗ್ಗಿ ಕೇಳಿದರು. "ಪಕ್ವನ ಗೃಹದಲ್ಲಿ ಆ ಎಪ್ಪತ್ತೆರಡು ಗಂಟೆ ಏನು ನಡೆಯುತ್ತದೆ ಕಾಮತ್ ಅವರೇ? ಜಾತಕದಲ್ಲಿ ಅದರ ಒಂದು ಗೆರೆಯೂ ಕಾಣುತ್ತಿಲ್ಲವಲ್ಲ."

ಕಾಮತರು ಕೋಟಿನ ಗುಂಡಿ ಬಿಚ್ಚಿದರು. "ಪೊಟ್ಟಣ ಕಟ್ಟುತ್ತಾರೆ," ಎಂದರು.

ತೀರ್ಪು ಇಪ್ಪತ್ತು ದಿನದಲ್ಲಿ ಬಂತು. ಆ ಹಾಳೆಯನ್ನು ಹೊರಗಿನವನಿಗೆ ಮಾರಿದ್ದರೆ ಶಿಡ್ಲಘಟ್ಟದ ಘಟಕ ಮೂರು ಸಾವಿರದ ಒಂಬೈನೂರಕ್ಕೆ ಕಡಿಮೆ ಕೇಳುತ್ತಿರಲಿಲ್ಲ ಎಂದು ಪೀಠ ಹೇಳಿತು. ಪೊಟ್ಟಣ ಕಟ್ಟಿದ್ದಕ್ಕೆ ದ್ವೀಪಕ್ಕೆ ನೂರು ರೂಪಾಯಿ. ತೆರಿಗೆ ಇಲ್ಲೇ ಬಿತ್ತು, ಹತ್ತನೇ ಪಾಲು ಶಿಡ್ಲಘಟ್ಟಕ್ಕೆ ಹೋಯಿತು. ಕೂಲಿ ಕಡಿತದ ಬೋರ್ಡು ಗೋಡೆಯಿಂದ ಇಳಿಯಿತು. ಅದರ ಜಾಗದಲ್ಲಿ ಪ್ರತಿ ಕೆಲಸಗಾರ್ತಿಯೂ ಕಂಪನಿ ಕೊಟ್ಟ ಸ್ಟೀಲ್ ಬಟ್ಟಲನ್ನು ಕಡ್ಡಾಯವಾಗಿ ಬಳಸತಕ್ಕದ್ದು ಎಂಬ ಹೊಸ ಬೋರ್ಡು ಬಂತು. ಹೆಂಗಸರು ಸ್ಟೀಲ್ ಬಟ್ಟಲಲ್ಲಿ ಎಲೆಯಡಿಕೆ ಇಟ್ಟುಕೊಂಡು, ಕೈ ಅದ್ದಲು ತಮ್ಮ ತಮ್ಮ ಹಳೆಯ ಬಟ್ಟಲನ್ನೇ ಇಟ್ಟುಕೊಂಡರು.

ಆಗಸ್ಟಿನಲ್ಲಿ ವಾರ್ಡಿನ ಬೀಗ ತೆರೆಯಿತು. ಎರಡನೆಯ ಹಾಸಿಗೆಯಲ್ಲಿ ಶಬ್ರೀನ್. ಆಪರೇಷನ್ ಆಗಿ ಮೂರು ವಾರಕ್ಕೆ ಕೊನೆಯ ಹಾಳೆ ಬಿಚ್ಚುವ ದಿನ ತಾರಾಮಣಿಯೂ ಹೋದಳು, ಈ ಸಲ ಯಾರಿಗೂ ತಿಳಿಸದೆ. ಬಿಚ್ಚುವಾಗ ಹುಡುಗಿ ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು, ಹಳೆಯ ಪಟ್ಟಿಯ ನೋವು ಅವಳಿಗೆ ಮರೆತಿರಲಿಲ್ಲ. ನರ್ಸಮ್ಮ ಅಂಚು ಹಿಡಿದು ಎತ್ತಿದಳು. ಹಾಳೆ ಹಗುರವಾಗಿ ಎದ್ದುಬಂತು. ಕೆಳಗೆ ತೆಳುಗುಲಾಬಿ ಚರ್ಮ, ಒಂದು ಹನಿ ರಕ್ತವಿಲ್ಲ.

"ಬಿಚ್ಚಿ ಆಯ್ತಾ?" ಎಂದು ಶಬ್ರೀನ್ ಕಣ್ಣು ತೆರೆದಳು.

ಖೈರುನ್ನಿಸಾ ಬಿಚ್ಚಿದ ಹಾಳೆಯನ್ನು ಬೆಳಕಿಗೆ ಹಿಡಿದು ಅಂಚು ನೋಡಿದಳು. "ಇದು ನಂದಲ್ಲ, ಪಕ್ಕದ ತೊಟ್ಟಿ ಜೈತುನ್‌ದು. ಅವಳು ಯಾವಾಗ್ಲೂ ಎಡಗಡೆ ಮೂಲೆ ದಪ್ಪ ಬಿಡ್ತಾಳೆ," ಎಂದು ಬೈದಳು. ಬೈಯುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ಜಾಗ ಬಿಡುತ್ತಾ, "ಮೇಡಮ್ಮಂಗೆ ಚಹಾ ಕೊಡೇ," ಎಂದಳು.

ಶಬ್ರೀನ್ ಪಕ್ಕದ ಮೇಜಿನ ಮೇಲಿದ್ದ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡಳು. ಕೈಯನ್ನು ನಿಧಾನವಾಗಿ ಚಾಚುತ್ತಾ ಹೋದಳು. ಮೊಣಕೈ ಪೂರ್ತಿ ನೆಟ್ಟಗಾಯಿತು. ಲೋಟ ತಾರಾಮಣಿಯ ಕೈಗೆ ತಲುಪಿತು.